ಶಸ್ತ್ರವೈದ್ಯ ಹಾಲ್‌ಸ್ಟೆಡ್

ನಮ್ಮ ಸೇಲಂ, ಧರ್ಮಪುರಿಯ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೆಲ್ಲ ರಬ್ಬರ್ ಕೈಗವಸು ತೊಡುತ್ತಾರೆ. ಆ ರೂಢಿಗೆ ಮೊದಲಿಟ್ಟವರಲ್ಲಿ ಅಮೆರಿಕದ ವಿಲಿಯಂ ಸ್ಟೂವರ್ಟ್ ಹಾಲ್‌ಸ್ಟೆಡ್ ಪ್ರಮುಖರು.

ಇವರು 1852ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ಸಿರಿವಂತ ವರ್ತಕರ ಮನೆಯಲ್ಲಿ ಜನಿಸಿದರು. ಯೇಲ್ ಕಾಲೇಜಿನಲ್ಲಿದ್ದಾಗ ಓದಿಗಿಂತ ಆಟದಲ್ಲೇ ಮುಂದು. 1877ರಲ್ಲಿ ವೈದ್ಯ ಪದವಿ ಪಡೆದು, ಯೂರೋಪಿನಲ್ಲಿ ಹೆಚ್ಚಿನ ಶಿಕ್ಷಣ ಮುಗಿಸಿ ಬಂದರು. ಎದೆಗಾರಿಕೆ ಎಷ್ಟೆಂದರೆ, ಬಾಣಂತಿ ತಂಗಿ ರಕ್ತಸ್ರಾವದಿಂದ ಸಾಯುವಂತಿದ್ದಾಗ ತಮ್ಮ ರಕ್ತವನ್ನೇ ತೆಗೆದು ಆಕೆಗೆ ಕೊಟ್ಟರು. ರಕ್ತದ ಗುಂಪುಗಳು ಗೊತ್ತಿಲ್ಲದ ಕಾಲವದು! ಆಕೆ ಬದುಕಿದ್ದು ಪುಣ್ಯ.

1884ರಲ್ಲಿ ಕೊಕೇನ್ ಹಾಕಿದರೆ ಕಣ್ಣು ನೋವರಿಯದೆಂದು ವಿಯೆನ್ನಾದ ಕಾರ್ಲ್ ಕೋಲರ್ ತೋರಿಸಿದರು. ಹಾಲ್‌ಸ್ಟೆಡ್ ಮತ್ತು ಸಂಗಡಿಗರು ಅದನ್ನು ನರಗಳಿಗೆ ಚುಚ್ಚಿ, ತಮ್ಮ ಮೈಮೇಲೆಯೇ ಪ್ರಯೋಗ ಮಾಡಿದರು. ರೋಗಿಗಳಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಆದರೆ ಪ್ರಯೋಗ ಮಾಡಿದವರಲ್ಲಿ ಹಲವರು ಅದರ ದಾಸರಾದರು. 1885ರಲ್ಲಿ ಹಾಲ್‌ಸ್ಟೆಡ್ ಪ್ರಕಟಿಸಿದ ಲೇಖನವೊಂದರ ವಾಕ್ಯಗಳಿಗೆ ತಲೆಬುಡವೇ ಇಲ್ಲ. ಗೆಳೆಯ ವೆಲ್ಚ್ ಹಡಗಿನಲ್ಲಿ ದೂರ ಕಳುಹಿಸಿಯೂ ಗುಣವಾಗದೆ, 1886ರಲ್ಲಿ ಪ್ರಾವಿಡೆನ್ಸ್ ನಗರದ ಬಟ್ಲರ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದರು. ಮರುವರ್ಷ ಮತ್ತೆ ಅಲ್ಲಿಗೇ ಹೋಗಬೇಕಾಯಿತು.

ಇಷ್ಟು ಬುದ್ಧಿವಂತರು, ವೈದ್ಯರು, ಒಂದು ಚಟವನ್ನು ಬಿಡಲಾರದೆ ಹೋದರೇ ಎಂದು ಮಕ್ಕಳು ಕೇಳಬಹುದು. ಉತ್ತರ ಮುಂದಿನ ಶತಮಾನದಲ್ಲಿ ದೊರೆಯತೊಡಗಿತು. ನಮಗೆ ಹಿತವೆನಿಸುವಾಗ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹರಿಯುತ್ತದೆ. ಅದನ್ನು ಬರಮಾಡಿಕೊಳ್ಳಲು ಜೀವಕೋಶಗಳ ಮೇಲೆ ಗ್ರಾಹಕಗಳಿವೆ. ಹರಿದ ಡೋಪಮೈನ್ ಹಿಂದಿರುಗದಂತೆ ಕೊಕೇನ್ ತಡೆಯುತ್ತದೆ. ಆಗ ಅದು ಮಿತಿಮೀರಿ ತುಂಬಿಕೊಳ್ಳುತ್ತದೆ. ಇದು ಬಹುಕಾಲ ನಡೆದರೆ ಕೆಲವು ಗ್ರಾಹಕಗಳು ಕಡಿಮೆಯಾಗುತ್ತವೆ. ಜಾತ್ರೆಯ ಧ್ವನಿವರ್ಧಕದ ಬುಡದಲ್ಲಿ ಕುಳಿತು ಎದ್ದವನಿಗೆ ಪಕ್ಕದವನ ಮಾತು ಕೇಳದಂತೆ, ಮದ್ದು ನಿಂತ ಮೇಲೆ ಊಟ, ಆಟ, ಸ್ನೇಹ ಯಾವುದೂ ರುಚಿಸುವುದಿಲ್ಲ. ಇಂಥ ಉತ್ತೇಜಕಗಳನ್ನು ಕೊಟ್ಟು ನಿಲ್ಲಿಸಿದ ಇಲಿಗಳು ಸಿಹಿನೀರಿಗಾಗಿ ಮೊದಲಿನಷ್ಟು ಪ್ರಯಾಸಪಡವು. ಮನುಷ್ಯರಲ್ಲಿ ಮದ್ದು ಬಿಟ್ಟು ತಿಂಗಳುಗಳಾದರೂ ಗ್ರಾಹಕಗಳ ಕೊರತೆ ಮೆದುಳಿನ ಚಿತ್ರಗಳಲ್ಲಿ ಕಂಡಿದೆ. ಆ ಮಂಕನ್ನು ತಾಳಲಾರದೆ ಮತ್ತೆ ಅದನ್ನೇ ಹುಡುಕುವವರು ಬಹಳ. ಹೀಗಿರುವಾಗ ಮನೆಯವರು ಅವನನ್ನು ಸೋಮಾರಿ, ಕೃತಘ್ನ ಎಂದು ಬೈಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ನಮಗೇನೂ ದೂರವಲ್ಲ. 14416 ಸಂಖ್ಯೆಗೆ ಉಚಿತವಾಗಿ ಫೋನ್ ಮಾಡಿದರೂ ಸಲಹೆ ಸಿಗುತ್ತದೆ.

ವೆಲ್ಚ್ ಗೆಳೆಯನನ್ನು ಕೈಬಿಡಲಿಲ್ಲ. ಬಾಲ್ಟಿಮೋರಿಗೆ ಕರೆಸಿ ತಮ್ಮ ಪ್ರಯೋಗಶಾಲೆಯಲ್ಲಿ ಕೆಲಸ ಕೊಟ್ಟರು. 1889ರಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹಾಲ್‌ಸ್ಟೆಡ್ ಶಸ್ತ್ರಚಿಕಿತ್ಸೆಯ ಮುಖ್ಯಸ್ಥರಾದರು. ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈಗಳು ಕ್ರಿಮಿನಾಶಕ ದ್ರಾವಣದಿಂದ ಹುಣ್ಣಾಗುತ್ತಿದ್ದುದನ್ನು ಕಂಡು, ಗುಡ್‌ಇಯರ್ ಕಂಪನಿಯಿಂದ ತೆಳುವಾದ ಕೈಗವಸು ಮಾಡಿಸಿಕೊಟ್ಟರು. 1890ರಲ್ಲಿ ಅವರನ್ನೇ ವಿವಾಹವಾದರು.

ಹಿಂದಿನ ಉಲ್ಲಾಸದ ಮನುಷ್ಯ ಈಗ ಮಿತಭಾಷಿ, ಏಕಾಂತಪ್ರಿಯ. ಅವಸರವಿಲ್ಲದೆ, ಅಂಗಾಂಶಗಳಿಗೆ ನೋವಾಗದಂತೆ ಶಸ್ತ್ರಕ್ರಿಯೆ ಮಾಡುವುದನ್ನು ಶಿಷ್ಯರಿಗೆ ಕಲಿಸಿದರು. 1922ರ ಸೆಪ್ಟೆಂಬರ್ 7ರಂದು ನಿಧನರಾದರು.

ಕೊಕೇನಿನ ಬದಲು ಹಿಡಿದ ಮಾರ್ಫಿನ್ ಅವರನ್ನು ಬಿಟ್ಟಿರಲಿಲ್ಲ. ಸಹೋದ್ಯೋಗಿ ಆಸ್ಲರ್ ಇದನ್ನು ಬರೆದು ಮುದ್ರೆಯೊತ್ತಿ ಇರಿಸಿದ್ದರು. ಆ ಬರಹವನ್ನು ತೆರೆದದ್ದು 1969ರಲ್ಲಿ.