ಅರಿವಿನ ಒರೆಗಲ್ಲು: ಶ್ರೀ ಅಲ್ಲಮಪ್ರಭುದೇವರು

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಪಟ್ಟಣದಲ್ಲಿ ನೆರೆದ ಶಿವಶರಣರ ಸಮೂಹದಲ್ಲಿ ಬಸವಣ್ಣನವರು ಭಕ್ತಿಗೂ, ಚೆನ್ನಬಸವಣ್ಣನವರು ಜ್ಞಾನಕ್ಕೂ, ಮಡಿವಾಳ ಮಾಚಯ್ಯನವರು ವೀರನಿಷ್ಠೆಗೂ, ಅಕ್ಕಮಹಾದೇವಿಯವರು ವೈರಾಗ್ಯಕ್ಕೂ ಹೆಸರಾದಂತೆ ಅಲ್ಲಮಪ್ರಭುದೇವರು ಅರಿವಿನ ಪರೀಕ್ಷೆಗೆ ಹೆಸರಾದರು. ಉಪದೇಶವನ್ನು ಕೇಳಿ ತಲೆದೂಗುವವರು ಎಲ್ಲ ಕಾಲದಲ್ಲಿಯೂ ಬಹುಮಂದಿ. ಕೇಳಿದ ಉಪದೇಶವು ತನ್ನಲ್ಲಿ ನಿಜವಾಯಿತೋ ಇಲ್ಲವೋ ಎಂದು ತನ್ನನ್ನು ತಾನೇ ಕೇಳಿಕೊಳ್ಳುವವರು ವಿರಳ. ಈ ಪ್ರಶ್ನೆಯನ್ನು ಊರೂರಿಗೆ ಹೊತ್ತು ನಡೆದು, ಭಕ್ತರೆನ್ನದೆ ಯೋಗಿಗಳೆನ್ನದೆ ಎಲ್ಲರ ಮುಂದೆಯೂ ಇರಿಸಿದುದೇ ಪ್ರಭುದೇವರ ಚರಿತ್ರೆಯ ಸಾರವೆನ್ನಬಹುದು.

ಅವರ ಜನ್ಮಸ್ಥಳವು ಬನವಸೆನಾಡಿನ ಬಳ್ಳಿಗಾವೆಯೆಂದು ಪರಂಪರೆಯು ಹೇಳುತ್ತದೆ. ಅದು ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿಗೆ ಸೇರಿದೆ. ಆ ಕಾಲಕ್ಕೆ ಅದು ಪ್ರಖ್ಯಾತವಾದ ವಿದ್ಯಾಸ್ಥಾನವಾಗಿದ್ದಿತು. ಕೇದಾರೇಶ್ವರನ ಸನ್ನಿಧಿಯಲ್ಲಿದ್ದ ಕೋಡಿಯಮಠವು ಕಾಳಾಮುಖ ಯತಿಗಳ ಪೀಠ. ಅಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣಗಳ ವ್ಯಾಸಂಗವು ನಡೆಯುತ್ತಿದ್ದಿತೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದೂ 1162ರ ಶಾಸನವೊಂದು ಸಾರುತ್ತದೆ. ಆತ್ಮನೇನು, ಮೋಕ್ಷವೇನು ಎಂಬ ಚರ್ಚೆಗೆ ಆ ಊರಿನಲ್ಲಿ ಬಡತನವಿರಲಿಲ್ಲ. ಇಂತಹ ಊರಿನಲ್ಲಿಯೇ ಮದ್ದಳೆಯ ವಾದನದಲ್ಲಿ ನಿಪುಣನಾದ ತರುಣನೊಬ್ಬನು ಯಾವ ಶಾಸ್ತ್ರದಿಂದಲೂ ಶಮನವಾಗದ ದುಃಖಕ್ಕೆ ಗುರಿಯಾದನೆಂದು ಹರಿಹರ ಮಹಾಕವಿಯು ತನ್ನ ರಗಳೆಯಲ್ಲಿ ವರ್ಣಿಸಿದ್ದಾನೆ.

ಆ ಕಥೆಯ ಪ್ರಕಾರ ಅಲ್ಲಮನು ಕಮಲತೆಯೆಂಬವಳನ್ನು ಪ್ರೀತಿಸಿ ವರಿಸಿದನು. ಕೆಲಕಾಲದಲ್ಲಿಯೇ ಆಕೆ ಜ್ವರದಿಂದ ಮಡಿದಳು. ಅಲ್ಲಮನು ವಿರಹದಿಂದ ಮತಿಗೆಟ್ಟವನಂತೆ ಅಲೆಯುತ್ತ ಒಂದು ತೋಟದಲ್ಲಿ ಕುಳಿತು, ಕಾಲ ಉಗುರಿನಿಂದ ನೆಲವನ್ನು ಕೆರೆಯುತ್ತಿರಲಾಗಿ ಹೂತುಹೋಗಿದ್ದ ಗುಡಿಯ ಕಳಸವು ಕಾಣಿಸಿತು. ನೆಲವನ್ನು ಅಗೆಯಿಸಿ, ಬಾಗಿಲನ್ನು ತೆರೆದು ಒಳಹೊಕ್ಕಾಗ, ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನೆಟ್ಟ ಅನಿಮಿಷಯ್ಯನೆಂಬ ಯೋಗಿಯು ಅಲ್ಲಿ ಕುಳಿತಿದ್ದನು. ಆ ಲಿಂಗವು ಅಲ್ಲಮನ ಕೈಗೆ ಬಂದೊಡನೆ ಯೋಗಿಯ ಪ್ರಾಣವು ಬಯಲಾಯಿತು. ಗುರುವು ವಾದವನ್ನು ಹೂಡಲಿಲ್ಲ, ಗ್ರಂಥವನ್ನು ವಿವರಿಸಲಿಲ್ಲ. ಕಂಡದ್ದು ಕೈಗೆ ಬಂದಿತು, ಕೈಗೆ ಬಂದದ್ದು ಅರಿವಾಯಿತು. ಗುಹೇಶ್ವರನೆಂಬ ಅಂಕಿತದಿಂದ ಅವರು ನುಡಿದ ವಚನಗಳಲ್ಲಿ ಸಾವಿರಕ್ಕೂ ಮಿಕ್ಕವು ಇಂದಿಗೂ ದೊರೆತಿವೆ.

ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಈ ಚರಿತ್ರೆಯನ್ನು ಬೇರೆ ರೀತಿಯಾಗಿ ಹೇಳಿದನು. ಅಲ್ಲಿ ನಿರಹಂಕಾರ ಮತ್ತು ಸುಜ್ಞಾನಿಯರು ಪ್ರಭುದೇವರ ತಂದೆತಾಯಿಗಳು. ಮಮಕಾರ ಮತ್ತು ಮೋಹಿನಿಯರ ಮಗಳಾದ ಮಾಯೆಯು ಅವರನ್ನು ಸೆಳೆಯಲು ಯತ್ನಿಸಿ ಸೋಲುತ್ತಾಳೆ. ಹರಿಹರನ ಅಲ್ಲಮನು ಮೋಹಕ್ಕೆ ಸಿಲುಕಿ ಬಿಡಿಸಿಕೊಂಡವನು. ಚಾಮರಸನ ಪ್ರಭುವು ಎಂದೂ ಸಿಲುಕದವನು. ಭಕ್ತಜನರು ಈ ಎರಡನ್ನೂ ಆದರದಿಂದ ಓದುತ್ತ ಬಂದಿದ್ದಾರೆ. ಆದರೆ ದುಃಖದಲ್ಲಿ ಬೆಂದು ಎಚ್ಚತ್ತವನ ಕಥೆಯು ಸಂಸಾರಿಗಳಾದ ಸಾಧಕರಿಗೆ ವಿಶೇಷವಾದ ಧೈರ್ಯವನ್ನು ಕೊಡತಕ್ಕುದಾಗಿದೆ.

ಅರಿವನ್ನು ಪಡೆದ ಮೇಲೆ ಪ್ರಭುದೇವರು ಒಂದೆಡೆ ನಿಲ್ಲದೆ ಸಂಚರಿಸಿದರು. ಶೂನ್ಯಸಂಪಾದನೆಯು ಆ ಸಂಚಾರದ ಸಂವಾದಗಳನ್ನು ಕ್ರಮವಾಗಿ ಜೋಡಿಸಿದೆ. ಅವುಗಳಲ್ಲಿ ಮೊದಮೊದಲಿಗೆ ಬರುವುದು ಮುಕ್ತಾಯಕ್ಕನ ಪ್ರಸಂಗ. ಆಕೆಯ ಅಣ್ಣನಾದ ಅಜಗಣ್ಣನು ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ಗುಪ್ತವಾಗಿ ಬಾಳಿ ಲಿಂಗೈಕ್ಯನಾದನು. ಅಣ್ಣನನ್ನೇ ಗುರುವೆಂದು ನಂಬಿದ್ದ ಆಕೆಯು ಶೋಕಿಸುತ್ತಿರಲು ಪ್ರಭುದೇವರು ಅಲ್ಲಿಗೆ ಬಂದು, ಅಳುವವಳು ಯಾರು, ಅಳುವುದು ಯಾರಿಗಾಗಿ ಎಂದು ವಿಚಾರಿಸಿದರು. ಆಕೆಯು ಸುಲಭವಾಗಿ ಒಪ್ಪಲಿಲ್ಲ. ತನ್ನ ಅಣ್ಣನು ಅರಿತು ಮಾತಡಗಿದವನು. ಅರಿತೆನೆಂದು ನುಡಿಯುತ್ತಿರುವವನಲ್ಲಿ ಅರಿವು ನೆಲೆಗೊಂಡುದೆಂದು ನಂಬುವುದೆಂತು ಎಂದು ಪ್ರಭುದೇವರನ್ನೇ ಪ್ರಶ್ನಿಸಿದಳು. ಒರೆಗೆ ಹಚ್ಚುವವರೇ ಒರೆಗೆ ಬಂದರು. ಪ್ರಭುದೇವರು ಆ ಪ್ರಶ್ನೆಯನ್ನು ಅವಿಧೇಯತೆಯೆಂದು ತಿಳಿಯಲಿಲ್ಲ, ಅದಕ್ಕೆ ಉತ್ತರವನ್ನು ಕೊಡಬೇಕಾದವರು ತಾವೆಂದು ಒಪ್ಪಿ ನಿಂತರು. ತನ್ನ ಹೆಮ್ಮೆಗಾಗಿ ಹೊರಟ ಮಾತು ಬಂಧನವಾಗುವುದು. ಎದುರಿನವರ ಸಂಶಯವನ್ನು ಕಳೆದು ತಾನೂ ಅಡಗುವ ಮಾತು ಮೌನಕ್ಕೆ ವಿರೋಧವಾಗದು ಎಂಬುದೇ ಆ ದೀರ್ಘ ಸಂವಾದದಿಂದ ಹೊರಡುವ ಅರ್ಥ. ಮುಕ್ತಾಯಕ್ಕನ ಶೋಕವು ಶಮನವಾದುದು ಇಷ್ಟು ಪ್ರಶ್ನಿಸಿದ ಮೇಲೆಯೇ ಎಂಬುದನ್ನು ಸಾಧಕರು ಮರೆಯಲಾಗದು.

ಬಳಿಕ ಪ್ರಭುದೇವರು ಸೊನ್ನಲಿಗೆಗೆ, ಎಂದರೆ ಈಗಿನ ಸೊಲ್ಲಾಪುರಕ್ಕೆ, ದಯಮಾಡಿಸಿದರು. ಅಲ್ಲಿ ಸಿದ್ಧರಾಮಯ್ಯನವರು ಕೆರೆಗಳನ್ನು ಕಟ್ಟಿಸುವ, ಗುಡಿಗಳನ್ನು ಎತ್ತಿಸುವ ಮಹಾಕಾರ್ಯದಲ್ಲಿ ತೊಡಗಿದ್ದರು. ಪ್ರಭುದೇವರು ಅವರನ್ನು ಕಲ್ಲು ಹೊರಿಸುವ ಒಡ್ಡನೆಂದು ಹಳಿಯಲು, ಶಿಷ್ಯರು ಸಿಟ್ಟಾಗಿ ಕಲ್ಲುಗಳನ್ನೆಸೆದರೆಂದೂ, ಅವು ಪ್ರಭುದೇವರನ್ನು ತಾಕಲಿಲ್ಲವೆಂದೂ ಕಥೆಯು ಹೇಳುತ್ತದೆ. ಲೋಕೋಪಕಾರವನ್ನು ಅವರು ಹೀನವೆಂದರೆಂದು ಇದರಿಂದ ಭಾವಿಸಲಾಗದು. ಕೆರೆಯ ನೀರು ಬಾಯಾರಿದವರ ತೃಷೆಯನ್ನು ನೀಗಿಸುವುದು ನಿಜ; ಆದರೆ ಕಟ್ಟಿಸಿದೆನೆಂಬ ಭಾವವು ಕಟ್ಟಿಸಿದವನಲ್ಲಿ ಉಳಿದರೆ ಅವನ ತೃಷೆಯು ನೀಗುವುದೆಂತು ಎಂಬುದೇ ಅಲ್ಲಿಯ ಪ್ರಶ್ನೆ. ಸಿದ್ಧರಾಮಯ್ಯನವರು ಆ ಪ್ರಶ್ನೆಯ ಕಾಠಿಣ್ಯವನ್ನು ತಾಳಿಕೊಂಡು ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದರು. ಚೆನ್ನಬಸವಣ್ಣನವರಿಂದ ದೀಕ್ಷೆಯನ್ನೂ ಪಡೆದರು.

ಕಲ್ಯಾಣದ ಮಹಾಮನೆಯ ಬಾಗಿಲಿನಲ್ಲಿಯೂ ಪರೀಕ್ಷೆಯು ತಪ್ಪಲಿಲ್ಲ. ಪ್ರಭುದೇವರು ಬಂದು ನಿಂತಾಗ ಬಸವಣ್ಣನವರು ಲಿಂಗಾರ್ಚನೆಯಲ್ಲಿದ್ದರು. ತಾವು ಏಳದೆ ಹಡಪದ ಅಪ್ಪಣ್ಣನನ್ನು ಕಳುಹಿಸಿದರು. ಜಂಗಮವು ಬಾಗಿಲಿನಲ್ಲಿ ನಿಂತಿರಲು ಒಳಗೆ ನಡೆಯುವ ಪೂಜೆಯು ಯಾರಿಗೆ ಸಲ್ಲುವುದು ಎಂಬ ಭಾವದಿಂದ ಪ್ರಭುದೇವರು ಒಳಗೆ ಬರಲೊಪ್ಪಲಿಲ್ಲ. ಬಸವಣ್ಣನವರು ತಮ್ಮ ತಪ್ಪನ್ನು ತಿಳಿದು ಹೊರಗೆ ಬಂದು ಶರಣಾದರು. ಬಿಜ್ಜಳರಾಜನ ಭಂಡಾರಿಯೂ, ಅಸಂಖ್ಯಾತರಿಗೆ ಪೂಜ್ಯರೂ ಆದ ಅಂತಹ ಮಹಾಪುರುಷರು ಸಭೆಯೆದುರಿಗೆ ತಮ್ಮ ತಪ್ಪನ್ನೊಪ್ಪಿದುದು ಅವರ ಹಿರಿಮೆಯನ್ನು ಹೆಚ್ಚಿಸಿತೇ ಹೊರತು ಕುಂದಿಸಲಿಲ್ಲ. ಅವರೇ ಪ್ರಭುದೇವರನ್ನು ಶೂನ್ಯಸಿಂಹಾಸನದಲ್ಲಿ ಕುಳ್ಳಿರಿಸಿದರು.

ಅಕ್ಕಮಹಾದೇವಿಯವರು ಅನುಭವಮಂಟಪಕ್ಕೆ ಬಂದಾಗಲೂ ಪ್ರಭುದೇವರು ಕಠಿನವಾಗಿಯೇ ವಿಚಾರಿಸಿದರು. ನಾಚಿಕೆಯನ್ನು ತೊರೆದವಳು ಕೂದಲಿನಿಂದ ದೇಹವನ್ನು ಮರೆಮಾಡಿಕೊಂಡುದೇಕೆಂದು ಕೇಳಿದರು. ನೋಡುವವರಿಗೆ ನೋವಾಗದಿರಲೆಂದು ಆ ಮರೆಯೇ ಹೊರತು ತನಗಾಗಿ ಅಲ್ಲವೆಂದು ಅಕ್ಕನು ಬಿನ್ನವಿಸಲು, ಆಕೆಯ ನಿಲವನ್ನು ಅರಿತು ಮನ್ನಿಸಿದರು. ಅದೇ ಮಹಾಮನೆಯಲ್ಲಿ ಪ್ರಸಾದದ ಕುಂಡದ ಬಳಿ ಯಾರ ಗಮನಕ್ಕೂ ಬಾರದೆ ವರ್ಷಾನುಗಟ್ಟಲೆ ಬಾಳಿದ್ದ ಮರುಳಶಂಕರದೇವರನ್ನು ಗುರುತಿಸಿದವರೂ ಪ್ರಭುದೇವರೇ. ಹೀಗೆ ಅವರ ಪರೀಕ್ಷೆಯು ಹೆಸರಾದವರ ಕೊರತೆಯನ್ನು ತೋರಿಸಿದಂತೆಯೇ ಹೆಸರಿಲ್ಲದವರ ಪೂರ್ಣತೆಯನ್ನೂ ಬೆಳಕಿಗೆ ತಂದಿತು.

ಶ್ರೀಶೈಲದ ಗೋರಕ್ಷನ ಪ್ರಸಂಗವು ಸರ್ವವಿದಿತವಾದುದು. ವಜ್ರಕಾಯವನ್ನು ಸಾಧಿಸಿದ್ದ ಆ ಸಿದ್ಧನ ಮೈಗೆ ಕತ್ತಿಯು ತಾಗಿದಾಗ ಖಣಿಲೆಂಬ ಶಬ್ದವಾಯಿತು. ಪ್ರಭುದೇವರ ಮೈಯಲ್ಲಿ ಅದೇ ಕತ್ತಿಯು ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಗಟ್ಟಿಯಾದ ದೇಹವೂ ನಾನೆಂಬುದರ ಇನ್ನೊಂದು ಕೋಟೆಯೇ ಎಂದು ಗೋರಕ್ಷನು ಅರಿತನು. ಸಿದ್ಧಿಯು ಬೇರೆ, ಎಚ್ಚರವು ಬೇರೆ. ಕೊನೆಗೆ ಪ್ರಭುದೇವರು ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂಬುದು ಪರಂಪರೆಯ ನಂಬುಗೆ.

ಅವರ ಪ್ರಭಾವವು ಕನ್ನಡನಾಡಿನಲ್ಲಿಯೇ ನಿಲ್ಲಲಿಲ್ಲ. ಹದಿನೇಳನೆಯ ಶತಮಾನದಲ್ಲಿ ತುರೈಮಂಗಲದ ಶಿವಪ್ರಕಾಶರು ಪ್ರಭುಲಿಂಗಲೀಲೆಯನ್ನು ತಮಿಳಿಗೆ ತಂದರು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಮತ್ತೆ ಮತ್ತೆ ಪರಿಷ್ಕರಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಒಂದು ಧರ್ಮದ ಪೂಜ್ಯಗ್ರಂಥವು ಆದ್ಯಂತವಾಗಿ ಪ್ರಶ್ನೋತ್ತರಗಳಿಂದಲೇ ಕೂಡಿರುವುದು ಗಮನಿಸತಕ್ಕ ವಿಷಯ.

ಮಠದಲ್ಲಿ ಅನ್ನದಾಸೋಹವು ನಡೆಯಬೇಕು, ವಿದ್ಯಾದಾನವು ನಡೆಯಬೇಕು, ಕಟ್ಟಡಗಳು ಏಳಬೇಕು. ಬಳ್ಳಿಗಾವೆಯ ಪೀಠದಲ್ಲಿ ಇವೆಲ್ಲವೂ ಇದ್ದುವು, ಸೊನ್ನಲಿಗೆಯಲ್ಲಿಯೂ ಇದ್ದುವು. ಇವುಗಳ ನಡುವೆ ಬಾಗಿಲಿಗೆ ಬಂದು ನಿಂತು, ಇದೆಲ್ಲವನ್ನು ಮಾಡುತ್ತಿರುವವನು ಯಾರೆಂದು ಕೇಳುವವನಿಗೆ ಸ್ಥಳವಿರುವಷ್ಟು ಕಾಲ ಶೂನ್ಯಸಿಂಹಾಸನವು ಬರಿದಾಗದು. ಉತ್ಸವದ ಸಂಭ್ರಮವು ಮುಗಿದ ಮೇಲೆ ಪ್ರತಿಯೊಬ್ಬ ಭಕ್ತನೂ ಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತಾಗ ಆ ಪ್ರಶ್ನೆಯು ತನ್ನನ್ನೇ ಕುರಿತುದೆಂದು ತಿಳಿದರೆ, ಪ್ರಭುದೇವರ ಸ್ಮರಣೆಯು ಸಾರ್ಥಕವಾಗುವುದು.