ಕಾಲಕ್ಕೆ ಕ್ರಮವನ್ನಿತ್ತ ಸರ್ ಸ್ಯಾಂಡ್‌ಫರ್ಡ್ ಫ್ಲೆಮಿಂಗ್

ಸೂರ್ಯನು ನೆತ್ತಿಗೇರಿದಾಗ ಮಧ್ಯಾಹ್ನವೆಂಬುದು ಮಾನವನು ಅನಾದಿಯಿಂದ ನಂಬಿಬಂದ ಕಾಲಪ್ರಮಾಣ. ಆದರೆ ಭೂಮಿಯು ತನ್ನ ಅಕ್ಷದ ಮೇಲೆ ಸದಾ ತಿರುಗುತ್ತಿರುವುದರಿಂದ ಒಂದೂರಿನ ಮಧ್ಯಾಹ್ನವೇ ಮತ್ತೊಂದೂರಿನ ಮಧ್ಯಾಹ್ನವಲ್ಲ. ರೇಖಾಂಶದಲ್ಲಿ ಒಂದು ಡಿಗ್ರಿ ಸರಿದರೆ ಕಾಲದಲ್ಲಿ 4 ನಿಮಿಷಗಳ ಅಂತರವುಂಟಾಗುತ್ತದೆ. 15 ಡಿಗ್ರಿಗಳಿಗೆ ಒಂದು ಗಂಟೆ, ನಮ್ಮ ಹಿರಿಯರ ಗಣನೆಯಲ್ಲಿ ಎರಡೂವರೆ ಘಳಿಗೆ. ಜನರು ಕಾಲ್ನಡಿಗೆಯಲ್ಲಿಯೂ ಬಂಡಿಗಳಲ್ಲಿಯೂ ಸಂಚರಿಸುತ್ತಿದ್ದಾಗ ಈ ಭೇದವು ಯಾರನ್ನೂ ಬಾಧಿಸಲಿಲ್ಲ. ರೈಲುಗಾಡಿಯು ಬಂದೊಡನೆ ಅದು ದೊಡ್ಡ ತೊಡಕಾಯಿತು. ಈ ತೊಡಕನ್ನು ಬಿಡಿಸಲು ಜೀವಮಾನದ ಬಹುಭಾಗವನ್ನು ವ್ಯಯಿಸಿದ ಮಹನೀಯರಲ್ಲಿ ಕೆನಡಾ ದೇಶದ ಸರ್ ಸ್ಯಾಂಡ್‌ಫರ್ಡ್ ಫ್ಲೆಮಿಂಗ್ ಅವರು ಅಗ್ರಗಣ್ಯರು.

ಫ್ಲೆಮಿಂಗ್ ಅವರು 1827ರ ಜನವರಿ 7ರಂದು ಸ್ಕಾಟ್ಲೆಂಡಿನ ಕರ್ಕಾಲ್ಡಿ ಎಂಬ ಪಟ್ಟಣದಲ್ಲಿ ಜನಿಸಿದರು. ಭೂಮಾಪನ ವಿದ್ಯೆಯನ್ನು ಅಲ್ಲಿಯೇ ಗುರುಮುಖೇನ ಕಲಿತು, 1845ರಲ್ಲಿ, ತಮ್ಮ 18ನೆಯ ವಯಸ್ಸಿನಲ್ಲಿ, ಅಣ್ಣನೊಡನೆ ಸಮುದ್ರವನ್ನು ದಾಟಿ ಕೆನಡಾವನ್ನು ಸೇರಿದರು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ತುಳಿಯದ ಈ ತರುಣರು ಸ್ವಾಧ್ಯಾಯದಿಂದಲೂ ಪರಿಶ್ರಮದಿಂದಲೂ ಮೇಲಕ್ಕೆ ಬಂದರು. 1849ರಲ್ಲಿ ಟೊರಾಂಟೊ ನಗರದಲ್ಲಿ ಕೆನೇಡಿಯನ್ ಇನ್‌ಸ್ಟಿಟ್ಯೂಟ್ ಎಂಬ ವಿದ್ವತ್ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು. 1851ರಲ್ಲಿ ಆ ನಾಡಿನ ಮೊದಲ ಅಂಚೆಚೀಟಿಗೆ ಬೀವರ್ ಎಂಬ ಪ್ರಾಣಿಯ ಚಿತ್ರವನ್ನು ರೂಪಿಸಿಕೊಟ್ಟವರೂ ಅವರೇ.

ಅನಂತರ ಅವರು ರೈಲುಮಾರ್ಗಗಳ ನಿರ್ಮಾಣಕ್ಕೆ ತೊಡಗಿದರು. ಹ್ಯಾಲಿಫ್ಯಾಕ್ಸ್ ಬಂದರನ್ನು ಕ್ವಿಬೆಕ್ ಪ್ರಾಂತಕ್ಕೆ ಜೋಡಿಸುವ ಇಂಟರ್‌ಕಲೋನಿಯಲ್ ಮಾರ್ಗಕ್ಕೆ ಮುಖ್ಯ ಎಂಜಿನಿಯರರಾಗಿದ್ದಾಗ, ಖರ್ಚು ಕಡಿಮೆಯೆಂದು ಮರದ ಸೇತುವೆಗಳನ್ನು ಕಟ್ಟಬೇಕೆಂದ ಅಧಿಕಾರಿಗಳನ್ನು ಎದುರಿಸಿ, ಕಬ್ಬಿಣದ ಸೇತುವೆಗಳೇ ಆಗಬೇಕೆಂದು ಹಟ ಹಿಡಿದು ಗೆದ್ದರು. 1871ರಲ್ಲಿ ಪೆಸಿಫಿಕ್ ಸಾಗರದವರೆಗಿನ ರೈಲುಮಾರ್ಗದ ಮೋಜಣಿಯ ಹೊಣೆ ಅವರ ಪಾಲಿಗೆ ಬಂದಿತು. ಅರಣ್ಯ, ಬಯಲು, ಹಿಮಪರ್ವತಗಳನ್ನು ದಾಟುತ್ತ ಮರುವರ್ಷ ದೇಶದ ಉದ್ದಗಲವನ್ನು ಸ್ವತಃ ಸಂಚರಿಸಿ ಕಂಡ ಅವರಿಗೆ, ಇಷ್ಟು ವಿಶಾಲವಾದ ನಾಡಿನಲ್ಲಿ ಊರೂರಿಗೂ ಬೇರೆಬೇರೆ ಗಡಿಯಾರವಿದ್ದರೆ ರೈಲುಗಳು ಕ್ರಮವಾಗಿ ಓಡಲಾರವೆಂಬುದು ಸ್ಪಷ್ಟವಾಯಿತು. ಟೊರಾಂಟೊದಲ್ಲಿ ಮಧ್ಯಾಹ್ನವಾದಾಗ ಮಾಂಟ್ರಿಯಲ್‌ನಲ್ಲಿ ಸುಮಾರು 23 ನಿಮಿಷ ಕಳೆದಿರುತ್ತಿತ್ತು. ಹ್ಯಾಲಿಫ್ಯಾಕ್ಸ್‌ನಲ್ಲಿ ಒಂದು ಗಂಟೆಗೂ ಮೀರಿರುತ್ತಿತ್ತು.

1876ರಲ್ಲಿ ಐರ್ಲೆಂಡಿನಲ್ಲಿ ಪ್ರವಾಸ ಮಾಡುತ್ತಿದ್ದಾಗ ನಡೆದ ಒಂದು ಪ್ರಸಂಗವು ಈ ಚಿಂತನೆಗೆ ಚಾಲನೆಯನ್ನಿತ್ತಿತು. ವೇಳಾಪಟ್ಟಿಯಲ್ಲಿ ಬೆಳಗಿನ ವೇಳೆಗೆ ಬದಲಾಗಿ ಸಂಜೆಯ ವೇಳೆ ಅಚ್ಚಾಗಿದ್ದುದರಿಂದ ಅವರಿಗೆ ರೈಲು ತಪ್ಪಿ, ಇರುಳೆಲ್ಲ ಕಾಯಬೇಕಾಯಿತು. ಅನ್ಯರಾಗಿದ್ದರೆ ಬೈದು ಮರೆಯುತ್ತಿದ್ದರು. ಫ್ಲೆಮಿಂಗ್ ಅವರಾದರೋ ದೋಷದ ಮೂಲವನ್ನೇ ಹುಡುಕಿದರು. ಹಗಲಿರುಳೆರಡನ್ನೂ ಒಟ್ಟುಗೂಡಿಸಿ 24 ಗಂಟೆಗಳನ್ನು ಎಣಿಸಬೇಕು, ಭೂಮಂಡಲವನ್ನು 15 ಡಿಗ್ರಿಗಳ 24 ವಿಭಾಗಗಳನ್ನಾಗಿ ಮಾಡಬೇಕು, ಇವೆಲ್ಲಕ್ಕೂ ಆಧಾರವಾಗಿ ಜಗತ್ತಿಗೆಲ್ಲ ಒಂದೇ ವಿಶ್ವಕಾಲವಿರಬೇಕು ಎಂಬ ಯೋಜನೆಯನ್ನು 1879ರಲ್ಲಿ ಕೆನೇಡಿಯನ್ ಇನ್‌ಸ್ಟಿಟ್ಯೂಟಿನ ಮುಂದಿಟ್ಟರು.

ಮರುವರ್ಷವೇ ಅವರ ಬಾಳಿನಲ್ಲಿ ದೊಡ್ಡ ಆಘಾತವೊದಗಿತು. 1880ರಲ್ಲಿ ಸರಕಾರವು ಅವರನ್ನು ಪೆಸಿಫಿಕ್ ಮಾರ್ಗದ ಮುಖ್ಯ ಎಂಜಿನಿಯರ್ ಹುದ್ದೆಯಿಂದ ಇಳಿಸಿತು. ಆದರೆ ಆ ಧೀರರು ಕುಗ್ಗಲಿಲ್ಲ. ಅದೇ ವರ್ಷ ಕಿಂಗ್ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯವು ಅವರನ್ನು ತನ್ನ ಕುಲಾಧಿಪತಿಯನ್ನಾಗಿ ಆರಿಸಿಕೊಂಡಿತು; ಜೀವಿತದ ಕೊನೆಯವರೆಗೂ, ಅಂದರೆ 35 ವರ್ಷಗಳ ಕಾಲ, ಆ ಪದವಿಯನ್ನು ಅಲಂಕರಿಸಿದರು. ಕಾಲದ ಕಾರ್ಯವನ್ನಂತೂ ಇಮ್ಮಡಿ ಉತ್ಸಾಹದಿಂದ ಮುಂದುವರಿಸಿದರು.

ಈ ಕಾರ್ಯದ ಕೀರ್ತಿಯು ಅವರೊಬ್ಬರಿಗೇ ಸಲ್ಲತಕ್ಕುದಲ್ಲ. ಅಮೆರಿಕದ ಚಾರ್ಲ್ಸ್ ಡೌಡ್ ಎಂಬ ಉಪಾಧ್ಯಾಯರು ಇಂತಹ ವಿಭಾಗಗಳನ್ನು ಮೊದಲೇ ಸೂಚಿಸಿದ್ದರು. ರೈಲು ಕಂಪನಿಗಳನ್ನು ಒಪ್ಪಿಸಿದವರು ವಿಲಿಯಂ ಅಲೆನ್. ಇಂತಹವರ ಶ್ರಮವೆಲ್ಲ ಕೂಡಿ, 1883ರ ನವೆಂಬರ್ 18ರಂದು ಅಮೆರಿಕ ಮತ್ತು ಕೆನಡಾಗಳ ರೈಲುಗಳು ವಿಭಾಗಕಾಲವನ್ನು ಅಂಗೀಕರಿಸಿದವು. 1884ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ 25 ರಾಷ್ಟ್ರಗಳ ಪ್ರತಿನಿಧಿಗಳು ನೆರೆದು ಗ್ರೀನಿಚ್ ರೇಖೆಯನ್ನು ಮೂಲರೇಖೆಯೆಂದು ನಿರ್ಣಯಿಸಿದರು. ಆ ಸಭೆಯಲ್ಲಿ ಫ್ಲೆಮಿಂಗ್ ಅವರೂ ಪ್ರತಿನಿಧಿಗಳಾಗಿದ್ದರು. ವಿಭಾಗಗಳನ್ನು ಮಾತ್ರ ಸಭೆಯು ಯಾರ ಮೇಲೂ ಹೇರಲಿಲ್ಲ; ಒಂದೊಂದು ದೇಶವೂ ತನ್ನ ಇಚ್ಛೆಯಂತೆ ಕ್ರಮೇಣ ಅವುಗಳನ್ನು ಸ್ವೀಕರಿಸಿತು. ನಮ್ಮ ಭಾರತವು 1906ರಲ್ಲಿ 82½ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ಅಂಗೀಕರಿಸಿ, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿನ ಲೆಕ್ಕವನ್ನು ಹಿಡಿಯಿತು.

ಫ್ಲೆಮಿಂಗ್ ಅವರು ಇನ್ನೂ ಬದುಕಿರುವಾಗಲೇ ಈ ವ್ಯವಸ್ಥೆಗೆ ಮತ್ತೊಂದು ತಿರುವು ಬಂದಿತು. ಕೆನಡಾವು ಉತ್ತರದ ಶೀತದೇಶ. ಟೊರಾಂಟೊದಲ್ಲಿ ಜೂನ್ ತಿಂಗಳ ಹಗಲು ಸುಮಾರು ಹದಿನೈದೂವರೆ ಗಂಟೆಗಳಷ್ಟು ದೀರ್ಘ; ಡಿಸೆಂಬರಿನ ಹಗಲು 9 ಗಂಟೆಗಳಷ್ಟೂ ಇಲ್ಲ. ಬೇಸಿಗೆಯಲ್ಲಿ ಜನರು ಮಲಗಿರುವಾಗಲೇ ಸೂರ್ಯೋದಯವಾಗಿ ಬೆಳಕು ವ್ಯರ್ಥವಾಗುತ್ತದೆ. ಗಡಿಯಾರವನ್ನು ಒಂದು ಗಂಟೆ ಮುಂದೆ ಸರಿಸಿದರೆ ಆ ಬೆಳಕು ಸಂಜೆಗೆ ದೊರಕೀತೆಂದು ಬಗೆದು, ಸುಪೀರಿಯರ್ ಸರೋವರದ ದಡದ ಪೋರ್ಟ್ ಆರ್ಥರ್ ಪಟ್ಟಣವು 1908ರ ಜುಲೈ 1ರಂದು ಹಾಗೆಯೇ ಮಾಡಿತು. ಆಗ ಫ್ಲೆಮಿಂಗ್ ಅವರಿಗೆ 81 ವರ್ಷ. ಗಂಟೆಯು ಊರಿನ ಸೂರ್ಯನನ್ನು ಬಿಟ್ಟು ಜನರ ಒಪ್ಪಂದಕ್ಕೆ ಸೇರಿದ್ದರಿಂದಲೇ ಋತುವನ್ನನುಸರಿಸಿ ಅದನ್ನು ಸರಿಸುವುದು ಸುಲಭಸಾಧ್ಯವಾಯಿತೆಂಬುದನ್ನು ಗಮನಿಸಬೇಕು.

1915ರ ಜುಲೈ 22ರಂದು ಹ್ಯಾಲಿಫ್ಯಾಕ್ಸ್‌ನಲ್ಲಿ ಅವರು ಕಾಲವಶರಾದರು. ಮೂರು ವರ್ಷಗಳ ತರುವಾಯ, ಮೊದಲ ಮಹಾಯುದ್ಧದ ಕಾಲದಲ್ಲಿ, ಇಂಧನದ ಉಳಿತಾಯಕ್ಕಾಗಿ ಕೆನಡಾ ಸರಕಾರವು ದೇಶಕ್ಕೆಲ್ಲ ಬೇಸಿಗೆಕಾಲವನ್ನು ವಿಧಿಸಿತು. ಹಸುವಿನ ಹಾಲು, ಪೈರಿನ ಮೇಲಣ ಮಂಜು ಇವು ಗಡಿಯಾರವನ್ನು ಕೇಳುವುದಿಲ್ಲವೆಂದು ರೈತರು ಅಸಮಾಧಾನಗೊಂಡರು. ಯುದ್ಧ ಮುಗಿದ ಮೇಲೆ ಆಯ್ಕೆಯು ಆಯಾ ಪ್ರದೇಶಗಳಿಗೇ ಉಳಿಯಿತು. ಗೋಧಿಯ ನಾಡಾದ ಸಸ್ಕಾಚೆವಾನ್ ಪ್ರಾಂತವು 1966ರಲ್ಲಿ ಶಾಸನವನ್ನು ಮಾಡಿ, ಬಹುಭಾಗದಲ್ಲಿ ವರ್ಷವೆಲ್ಲ ಒಂದೇ ಕಾಲವನ್ನು ಇರಿಸಿಕೊಂಡಿತು. ಪೂರ್ವದಂಚಿನ ನ್ಯೂಫೌಂಡ್‌ಲ್ಯಾಂಡ್ ದ್ವೀಪವು ನೆರೆಯವರಿಂದ ಅರ್ಧ ಗಂಟೆಯ ಭೇದವನ್ನು ಕಾಯ್ದುಕೊಂಡಿತು. ವಾಯವ್ಯದ ಯೂಕಾನ್ ಪ್ರದೇಶವು 2020ರಲ್ಲಿ ಗಡಿಯಾರವನ್ನು ವರ್ಷಕ್ಕೆರಡು ಬಾರಿ ಬದಲಿಸುವುದನ್ನೇ ಕೈಬಿಟ್ಟಿತು.

ಹೀಗೆ ಒಂದು ದೇಶದೊಳಗೇ ಹಲವು ಬಗೆಗಳಿರುವುದನ್ನು ಕಂಡು, ಜಗತ್ತಿಗೆಲ್ಲ ಒಂದೇ ಕಾಲವನ್ನು ಬಯಸಿದ ಆ ಮಹನೀಯರ ಶ್ರಮವು ನಿಷ್ಫಲವಾಯಿತೆಂದು ಯಾರೂ ಭಾವಿಸಬಾರದು. ಈ ಎಲ್ಲ ಪ್ರದೇಶಗಳೂ ಗ್ರೀನಿಚ್ ಮೂಲದಿಂದಲೇ ತಮ್ಮ ಗಂಟೆಯನ್ನು ಎಣಿಸುತ್ತವೆ. ಆದುದರಿಂದ ಯಾವ ಊರಿನ ವೇಳೆಯನ್ನಾದರೂ ಮತ್ತೊಂದಕ್ಕೆ ಹೊಂದಿಸಲು ಸಾಧ್ಯವಾಗಿದೆ. ಮೂಲವೊಂದು ಸ್ಥಿರವಾಗಿದ್ದರೆ ಜನರು ತಮ್ಮ ತಮ್ಮ ಬಿಸಿಲು, ಬೆಳೆ, ಬದುಕುಗಳಿಗೆ ತಕ್ಕಂತೆ ನಡೆದುಕೊಂಡರೂ ವ್ಯವಹಾರವು ಕೆಡುವುದಿಲ್ಲ. ಒಂದು ರೈಲು ತಪ್ಪಿದ ಇರುಳನ್ನು ಲೋಕೋಪಕಾರಕ್ಕೆ ತಿರುಗಿಸಿದ, ಪದವಿಯು ಹೋದರೂ ಕಾರ್ಯವನ್ನು ಬಿಡದ ಈ ಹಿರಿಯರ ಚರಿತ್ರೆಯು ವಿದ್ಯಾರ್ಥಿಗಳಿಗೆ ಸದಾ ಮನನೀಯವಾದುದು.