ಮಿಶೆಲ್ ಯೂಜೀನ್ ಶೆವ್ರೆಲ್

ಮಿಶೆಲ್ ಯೂಜೀನ್ ಶೆವ್ರೆಲ್ (ಆಗಸ್ಟ್ 31, 1786 – ಏಪ್ರಿಲ್ 9, 1889) ಫ್ರಾನ್ಸ್ ದೇಶದ ಪ್ರಸಿದ್ಧ ರಸಾಯನವಿಜ್ಞಾನಿ. ಎಣ್ಣೆ ಮತ್ತು ಕೊಬ್ಬುಗಳ ರಾಸಾಯನಿಕ ಸ್ವರೂಪವನ್ನು ವಿವರಿಸಿ, ಅವು ಕ್ಷಾರದೊಡನೆ ಸೇರಿ ಸಾಬೂನಾಗುವ ಬಗೆಯನ್ನು ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಅನುಭವ ಮತ್ತು ಊಹೆಗಳನ್ನೇ ನೆಚ್ಚಿಕೊಂಡಿದ್ದ ಸಾಬೂನಿನ ಕಸುಬು ತೂಕ, ಅಳತೆ ಹಾಗೂ ಪರೀಕ್ಷೆಗಳ ಶಾಸ್ತ್ರವಾಗಿ ಬೆಳೆಯಲು ಇವರ ಸಂಶೋಧನೆ ತಳಹದಿಯಾಯಿತು. ವರ್ಣಗಳ ಪರಸ್ಪರ ಪರಿಣಾಮವನ್ನು ಕುರಿತ ಅಧ್ಯಯನಕ್ಕಾಗಿಯೂ ಇವರು ಖ್ಯಾತರು.

ಜನನ ಮತ್ತು ವಿದ್ಯಾಭ್ಯಾಸ

ಶೆವ್ರೆಲ್ ಪಶ್ಚಿಮ ಫ್ರಾನ್ಸಿನ ಆಂಜೆ ನಗರದಲ್ಲಿ ವೈದ್ಯರ ಮನೆತನದಲ್ಲಿ ಜನಿಸಿದರು. ಫ್ರಾನ್ಸಿನ ಮಹಾಕ್ರಾಂತಿಯ ಕ್ಷೋಭೆಯ ನಡುವೆ ಬಾಲ್ಯ ಕಳೆದದ್ದರಿಂದ ಮೊದಲ ಪಾಠಗಳು ಮನೆಯಲ್ಲಿಯೇ ನಡೆದವು. 1799ರಲ್ಲಿ ಆಂಜೆಯ ಕೇಂದ್ರೀಯ ಶಾಲೆಯನ್ನು ಸೇರಿದರು. 1803ರಲ್ಲಿ ಪ್ಯಾರಿಸ್‌ಗೆ ತೆರಳಿ, ಹೆಸರಾಂತ ರಸಾಯನವಿಜ್ಞಾನಿ ನಿಕೊಲಾ ಲೂಯಿ ವೊಕ್ಲಾ ಅವರ ಪ್ರಯೋಗಶಾಲೆಯಲ್ಲಿ ಶಿಷ್ಯರಾದರು. 1810ರಲ್ಲಿ ಪ್ಯಾರಿಸ್‌ನ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಸಹಾಯಕ ಹುದ್ದೆ ದೊರೆಯಿತು. 1813ರಲ್ಲಿ ಶಾರ್ಲಮೇನ್ ಲಿಸೆಯಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡರು.

ಅಂದಿನ ಸಾಬೂನು ತಯಾರಿಕೆ

ಕೊಬ್ಬು ಅಥವಾ ಎಣ್ಣೆಯನ್ನು ಕ್ಷಾರದ ನೀರಿನೊಡನೆ ಕುದಿಸಿ ಸಾಬೂನು ಮಾಡುವ ವಿದ್ಯೆ ಬಹು ಪ್ರಾಚೀನವಾದುದು. ನಿಕೊಲಾ ಲೆಬ್ಲಾಂ 1791ರಲ್ಲಿ ಅಡುಗೆ ಉಪ್ಪಿನಿಂದ ಸೋಡ ತಯಾರಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದ ಮೇಲೆ ಕ್ಷಾರದ ಪೂರೈಕೆಗೆ ಹೊಸ ದಾರಿ ತೆರೆಯಿತು. ಆದರೆ ಕೊಬ್ಬು ಎಂದರೇನು ಎಂಬುದು ಮಾತ್ರ ತಿಳಿದಿರಲಿಲ್ಲ. ಕೊಬ್ಬು ಯಾವ ಬದಲಾವಣೆಯನ್ನೂ ಹೊಂದದೆ ಇಡಿಯಾಗಿ ಕ್ಷಾರದೊಡನೆ ಕೂಡಿಕೊಳ್ಳುತ್ತದೆ ಎಂಬುದೇ ಸಾಮಾನ್ಯ ನಂಬಿಕೆಯಾಗಿತ್ತು. ಈ ನಂಬಿಕೆ ಇರುವವರೆಗೆ ಯಾವ ಎಣ್ಣೆಗೆ ಎಷ್ಟು ಕ್ಷಾರ ಬೇಕು, ಒಂದು ಸಾಬೂನು ಗಟ್ಟಿಯಾಗಿ ಮತ್ತೊಂದು ಮೆದುವಾಗಿ ಇರುವುದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವಂತಿರಲಿಲ್ಲ.

ಸಾಬೂನಿನ ವಿಶ್ಲೇಷಣೆ

1811ರ ಸುಮಾರಿಗೆ, ಹಂದಿಯ ಕೊಬ್ಬು ಮತ್ತು ಪೊಟ್ಯಾಶ್‌ನಿಂದ ತಯಾರಿಸಿದ ಮೆದು ಸಾಬೂನೊಂದು ಶೆವ್ರೆಲ್ ಅವರ ಬಳಿಗೆ ಪರೀಕ್ಷೆಗೆ ಬಂದಿತು. ಅದನ್ನು ಹೆಚ್ಚು ನೀರಿನಲ್ಲಿ ಕದಡಿದಾಗ ಮುತ್ತಿನ ಹೊಳಪುಳ್ಳ ಹರಳುಗಳು ಬೇರ್ಪಟ್ಟವು. ಈ ಹರಳುಗಳನ್ನು ಆಮ್ಲದಿಂದ ಸಂಸ್ಕರಿಸಲಾಗಿ ಕೊಬ್ಬಿನಂತೆಯೇ ಕಾಣುವ, ಆದರೆ ಆಮ್ಲದ ಗುಣವುಳ್ಳ ವಸ್ತು ದೊರೆಯಿತು. ಮುತ್ತು ಎಂಬ ಅರ್ಥದ ಗ್ರೀಕ್ ಪದವನ್ನು ಆಧರಿಸಿ ಅದಕ್ಕೆ ಹೆಸರಿಟ್ಟರು. ಮುಂದೆ ಅದು ಮಾರ್ಗರಿಕ್ ಆಮ್ಲ ಎನಿಸಿತು. ದ್ರವರೂಪದಲ್ಲಿ ಉಳಿಯುವ ಮತ್ತೊಂದು ಆಮ್ಲವನ್ನೂ ಸಾಬೂನಿನಿಂದ ಬೇರ್ಪಡಿಸಿದರು. ಇದೇ ಒಲಿಯಿಕ್ ಆಮ್ಲ.

ಮುಂದಿನ ವರ್ಷಗಳಲ್ಲಿ ದನ, ಕುರಿ, ಹೆಬ್ಬಾತು, ಜಾಗ್ವಾರ್ ಮತ್ತು ಮನುಷ್ಯರ ಕೊಬ್ಬುಗಳನ್ನೂ ಬೆಣ್ಣೆಯನ್ನೂ ಡಾಲ್ಫಿನ್ ಎಣ್ಣೆಯನ್ನೂ ಪರೀಕ್ಷಿಸಿದರು. ಸ್ಟಿಯರಿಕ್, ಬ್ಯುಟಿರಿಕ್, ಕೆಪ್ರೋಯಿಕ್ ಮುಂತಾದ ಆಮ್ಲಗಳನ್ನು ಗುರುತಿಸಿದರು. ಸ್ವೀಡನ್ನಿನ ಷೀಲೆ 18ನೆಯ ಶತಮಾನದಲ್ಲಿ ಎಣ್ಣೆಯಿಂದ ಪಡೆದಿದ್ದ ಸಿಹಿ ದ್ರವಕ್ಕೆ ಗ್ಲಿಸರಿನ್ ಎಂಬ ಹೆಸರನ್ನು ಕೊಟ್ಟವರೂ ಇವರೇ.

ಸಾಬೂನಿನಿಂದ ಬಿಡುಗಡೆಯಾದ ಆಮ್ಲಗಳನ್ನೂ ಗ್ಲಿಸರಿನನ್ನೂ ತೂಗಿದಾಗ ಅವುಗಳ ಒಟ್ಟು ತೂಕ ಮೂಲ ಕೊಬ್ಬಿನ ತೂಕಕ್ಕಿಂತ ಸ್ವಲ್ಪ ಹೆಚ್ಚಾಗಿತ್ತು. ಕ್ರಿಯೆಯಲ್ಲಿ ನೀರಿನ ಅಂಶ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಕೊಬ್ಬು ಒಡೆದು ಕೊಬ್ಬಿನಾಮ್ಲ ಮತ್ತು ಗ್ಲಿಸರಿನ್ ಆಗುತ್ತದೆ. ಕೊಬ್ಬಿನಾಮ್ಲ ಕ್ಷಾರದೊಡನೆ ಕೂಡಿದಾಗ ಉಂಟಾಗುವ ಲವಣವೇ ಸಾಬೂನು ಎಂಬುದು ಹೀಗೆ ಸ್ಥಿರಪಟ್ಟಿತು. ಪ್ರಾಣಿಜನ್ಯ ಕೊಬ್ಬುಗಳನ್ನು ಕುರಿತ ಇವರ ಮುಖ್ಯ ಗ್ರಂಥ 1823ರಲ್ಲಿ ಪ್ರಕಟವಾಯಿತು.

ಪರೀಕ್ಷಾ ವಿಧಾನ

ಒಂದು ವಸ್ತು ಶುದ್ಧವೋ ಮಿಶ್ರಣವೋ ಎಂಬುದನ್ನು ತಿಳಿಯಲು ಶೆವ್ರೆಲ್ ದ್ರವನಬಿಂದುವನ್ನು ಒರೆಗಲ್ಲಾಗಿ ಬಳಸಿದರು. ವಸ್ತುವನ್ನು ಮದ್ಯಸಾರದಲ್ಲಿ ಕರಗಿಸಿ ಮತ್ತೆ ಮತ್ತೆ ಹರಳುಗಟ್ಟಿಸಿ, ಅದು ಕರಗುವ ಉಷ್ಣತೆ ಬದಲಾಗದೆ ನಿಲ್ಲುವವರೆಗೆ ಶುದ್ಧೀಕರಿಸುವುದು ಇವರ ಕ್ರಮ. ಆದರೂ ಈ ಒರೆಗಲ್ಲಿಗೆ ಮಿತಿಯಿತ್ತು. ಇವರು ಶುದ್ಧವೆಂದು ಭಾವಿಸಿದ್ದ ಮಾರ್ಗರಿಕ್ ಆಮ್ಲ ವಾಸ್ತವವಾಗಿ ಸ್ಟಿಯರಿಕ್ ಮತ್ತು ಪಾಮಿಟಿಕ್ ಆಮ್ಲಗಳ ಮಿಶ್ರಣವೆಂದು 1850ರ ದಶಕದಲ್ಲಿ ಜರ್ಮನಿಯ ಹೈಂಟ್ಸ್ ತೋರಿಸಿದರು. ಸಾಬೂನೀಕರಣದ ಮೂಲ ಸಿದ್ಧಾಂತಕ್ಕೆ ಇದರಿಂದ ಬಾಧೆಯಾಗಲಿಲ್ಲ.

ದ್ರವ ಸಾಬೂನಿಗೆ ಸಂಬಂಧ

ಕೈತೊಳೆಯುವ ದ್ರವ ಸಾಬೂನುಗಳ ತಯಾರಿಕೆಯನ್ನು ಶೆವ್ರೆಲ್ ಅವರ ಸಿದ್ಧಾಂತದ ಬೆಳಕಿನಲ್ಲಿ ಸುಲಭವಾಗಿ ಅರಿಯಬಹುದು. ಕಾಸ್ಟಿಕ್ ಸೋಡದಿಂದ ಗಟ್ಟಿ ಸಾಬೂನು ಉಂಟಾದರೆ, ಕಾಸ್ಟಿಕ್ ಪೊಟ್ಯಾಶ್‌ನಿಂದ ನೀರಿನಲ್ಲಿ ಸುಲಭವಾಗಿ ಕರಗುವ ಮೆದು ಸಾಬೂನು ಉಂಟಾಗುತ್ತದೆ. ಇದನ್ನು ನೀರಿನಿಂದ ತೆಳುವಾಗಿಸಿದಾಗ ದ್ರವ ಸಾಬೂನು ಸಿದ್ಧವಾಗುತ್ತದೆ. ಒಲಿಯಿಕ್ ಆಮ್ಲ ಹೆಚ್ಚಾಗಿರುವ ಎಣ್ಣೆಯ ಸಾಬೂನು ದ್ರವವಾಗಿ ಉಳಿಯುತ್ತದೆ. ಸ್ಟಿಯರಿಕ್ ಆಮ್ಲ ಹೆಚ್ಚಾದರೆ ತಣಿದಾಗ ಮಬ್ಬಾಗುತ್ತದೆ ಅಥವಾ ಗಟ್ಟಿಯಾಗುತ್ತದೆ.

ಕ್ಷಾರದ ಪ್ರಮಾಣ ಎಣ್ಣೆಯಿಂದ ಎಣ್ಣೆಗೆ ಬದಲಾಗುತ್ತದೆ. 1 ಗ್ರಾಂ ತೆಂಗಿನೆಣ್ಣೆಗೆ ಸುಮಾರು 250ರಿಂದ 260 ಮಿಲಿಗ್ರಾಂ ಕಾಸ್ಟಿಕ್ ಪೊಟ್ಯಾಶ್ ಬೇಕಾದರೆ, ಹರಳೆಣ್ಣೆಗೆ ಸುಮಾರು 180 ಮಿಲಿಗ್ರಾಂ ಸಾಕು. ಕ್ಷಾರ ಕಡಿಮೆಯಾದರೆ ಎಣ್ಣೆ ಉಳಿದು ದ್ರವ ಕದಡುತ್ತದೆ. ಹೆಚ್ಚಾದರೆ ಚರ್ಮ ಉರಿಯುತ್ತದೆ. ಆದ್ದರಿಂದ ಸಾಬೂನನ್ನು ಮದ್ಯಸಾರದಲ್ಲಿ ಕರಗಿಸಿ ಫಿನಾಲ್ಫ್ತಲೀನ್ ಸೂಚಕವನ್ನು ಹಾಕಿ ನೋಡುವ ವಾಡಿಕೆ ಇದೆ. ಗುಲಾಬಿ ಬಣ್ಣ ಕಂಡರೆ ಕ್ಷಾರ ಉಳಿದಿದೆ ಎಂದು ಅರ್ಥ.

ಇಂದಿನ ಅನೇಕ ಹ್ಯಾಂಡ್‌ವಾಶ್ ಮತ್ತು ಬಾಡಿವಾಶ್‌ಗಳಲ್ಲಿ ಸಾಬೂನಿಗೆ ಬದಲಾಗಿ ಸಂಶ್ಲೇಷಿತ ಮಾರ್ಜಕಗಳಿರುತ್ತವೆ. ಆದರೂ ಚರ್ಮದ ತೇವ ಕಾಯಲು ಸೇರಿಸುವ ಗ್ಲಿಸರಿನ್, ಮುತ್ತಿನ ಹೊಳಪಿಗಾಗಿ ಬಳಸುವ ಸ್ಟಿಯರಿಕ್ ಆಮ್ಲಜನ್ಯ ಗ್ಲೈಕಾಲ್ ಡೈಸ್ಟಿಯರೇಟ್ ಇವು ಶೆವ್ರೆಲ್ ಅಧ್ಯಯನ ಮಾಡಿದ ವಸ್ತುಗಳ ವರ್ಗಕ್ಕೇ ಸೇರಿವೆ.

ಮೇಣದಬತ್ತಿ

ಶೆವ್ರೆಲ್ ಮತ್ತು ಗೇ-ಲ್ಯೂಸಾಕ್ 1825ರಲ್ಲಿ ಕೊಬ್ಬಿನಾಮ್ಲಗಳಿಂದ ಮೇಣದಬತ್ತಿ ತಯಾರಿಸಲು ಹಕ್ಕುಪತ್ರ ಪಡೆದರು. ಹೊಗೆಯುಗುಳುತ್ತ ದುರ್ವಾಸನೆ ಬೀರುತ್ತಿದ್ದ ಕೊಬ್ಬಿನ ಬತ್ತಿಗಳಿಗಿಂತ ಇವು ಎಷ್ಟೋ ಮೇಲಾಗಿದ್ದರೂ ಇವರ ಉದ್ಯಮ ಫಲಿಸಲಿಲ್ಲ. 1830ರ ದಶಕದಲ್ಲಿ ಆಡಾಲ್ಫ್ ದ ಮಿಲ್ಲಿ ಸುಣ್ಣವನ್ನು ಬಳಸಿ ವಿಧಾನವನ್ನು ಸುಧಾರಿಸಿದ ಬಳಿಕ ಸ್ಟಿಯರಿಕ್ ಬತ್ತಿಗಳು ಮನೆಮನೆಗೆ ತಲುಪಿದವು.

ಇತರ ಕೊಡುಗೆಗಳು

1815ರಲ್ಲಿ ಮಧುಮೇಹಿಗಳ ಮೂತ್ರದಲ್ಲಿರುವ ಸಕ್ಕರೆ ದ್ರಾಕ್ಷಿಯ ಸಕ್ಕರೆಯೇ ಎಂದು ತೋರಿಸಿದರು. ಪಿತ್ತದ ಕಲ್ಲುಗಳಲ್ಲಿ ದೊರೆಯುವ, ಸಾಬೂನಾಗದ ವಸ್ತುವಿಗೆ ಇವರಿಟ್ಟ ಹೆಸರಿನಿಂದಲೇ ಕೊಲೆಸ್ಟರಾಲ್ ಎಂಬ ಪದ ಬಂದಿತು. 1824ರಲ್ಲಿ ಪ್ಯಾರಿಸ್‌ನ ಗೊಬ್ಲಾ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗದ ನಿರ್ದೇಶಕರಾದರು. ಅಲ್ಲಿ ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರಿಗೆ ಬಣ್ಣದ ದೋಷಕ್ಕಿಂತ ಪಕ್ಕದ ಬಣ್ಣಗಳ ಪ್ರಭಾವವೇ ಕಾರಣವೆಂದು ಕಂಡುಕೊಂಡರು. ಈ ವಿಚಾರವನ್ನು ವಿವರಿಸುವ ಗ್ರಂಥ 1839ರಲ್ಲಿ ಹೊರಬಂದು ಸರಾ ಮೊದಲಾದ ಚಿತ್ರಕಾರರ ಮೇಲೆ ಪ್ರಭಾವ ಬೀರಿತು.

ಗೌರವಗಳು ಮತ್ತು ನಿಧನ

1826ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1857ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಸಂದವು. ನಿಸರ್ಗ ಇತಿಹಾಸ ಸಂಗ್ರಹಾಲಯದ ನಿರ್ದೇಶಕರಾಗಿ 1879ರವರೆಗೆ ಸೇವೆ ಸಲ್ಲಿಸಿದರು. 1886ರಲ್ಲಿ ಇವರ ನೂರನೆಯ ಹುಟ್ಟುಹಬ್ಬವನ್ನು ರಾಷ್ಟ್ರಮಟ್ಟದಲ್ಲಿ ಆಚರಿಸಲಾಯಿತು. ಐಫೆಲ್ ಗೋಪುರದ ಮೇಲೆ ಕೆತ್ತಲಾದ 72 ಹೆಸರುಗಳಲ್ಲಿ ಇವರದೂ ಒಂದು. 1889ರ ಮಾರ್ಚ್ 31ರಂದು ಗೋಪುರ ಉದ್ಘಾಟನೆಗೊಂಡ ಕೆಲವೇ ದಿನಗಳಲ್ಲಿ, 102ನೆಯ ವಯಸ್ಸಿನಲ್ಲಿ, ಶೆವ್ರೆಲ್ ಪ್ಯಾರಿಸ್‌ನಲ್ಲಿ ನಿಧನರಾದರು.